ದಕ್ಕೆ ಎಲ್ಲಿಗೂ ಓಡಿಹೋಗುವುದಿಲ್ಲ



ಸರಿಯಾದ ಮಾತನ್ನೇ ಆಡಿ ಮನೆಯ ನೆಮ್ಮದಿ ಕೆಡಿಸಿಕೊಂಡ ಅನುಭವ ನಿಮಗಿದೆಯೇ? ಮಗನಿಗೆ ನೀವು ಹೇಳಿದ್ದು ನಿಜವೇ ಆಗಿತ್ತು. ಸೊಸೆಗೆ ಕೊಟ್ಟ ಬುದ್ಧಿಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಗಂಡನ ದುಂದುವೆಚ್ಚದ ಲೆಕ್ಕವನ್ನು ಪೈಸೆ ಪೈಸೆಯಾಗಿ ಸರಿಯಾಗಿಯೇ ಇಟ್ಟಿದ್ದಿರಿ. ಆದರೂ ಮಾತು ಮುಗಿಯುವ ಹೊತ್ತಿಗೆ ಒಂದು ಬಾಗಿಲು ದಡಾರನೆ ಮುಚ್ಚಿತು. ಅದು ಮತ್ತೆ ತೆರೆಯಲು ತಿಂಗಳುಗಳು ಹಿಡಿದವು, ಅಥವಾ ಇನ್ನೂ ತೆರೆದಿಲ್ಲ. "ನಾನು ಹೇಳಿದ್ದರಲ್ಲಿ ಸುಳ್ಳೇನಿದೆ, ಫಾದರ್?" ಎಂದು ನನ್ನ ಬಳಿ ಬಂದು ಕೇಳುವವರು ಬಹಳ ಮಂದಿ. ಸುಳ್ಳೇನೂ ಇಲ್ಲ. ಹಾಗಾದರೆ ತಪ್ಪಿದ್ದೆಲ್ಲಿ? ಗುರಿ ಒಳ್ಳೆಯದಾಗಿದ್ದು ಮಾತು ಸತ್ಯವಾಗಿದ್ದರೆ ಅಷ್ಟು ಸಾಲದೇ?

ಈ ಪ್ರಶ್ನೆಗೆ ಉತ್ತರವನ್ನು ನಾನು ಸೆಮಿನರಿಯ ಪುಸ್ತಕಗಳಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಅದು ನನಗೆ ಅರ್ಥವಾದದ್ದು ಒಂದು ಸರೋವರದ ದಕ್ಕೆಯಲ್ಲಿ, ಪರರ ದೋಣಿಯ ಹಲಗೆಯನ್ನು ನಾನು ಮುರಿದ ದಿನ.

ಗಾಳಿಯ ಸರೋವರ

ರೋಮಿನಲ್ಲಿ ಓದುತ್ತಿದ್ದ ಕಾಲದಲ್ಲಿ ಬೇಸಿಗೆ ರಜೆಗೆ ನಮ್ಮಂಥ ಪರದೇಶದ ಗುರುಗಳು ಇಟಲಿಯ ಹಳ್ಳಿಗಳಿಗೆ ಹೋಗಿ, ಅಲ್ಲಿನ ವಿಚಾರಣಾ ಗುರುಗಳು ವಿಶ್ರಾಂತಿ ಪಡೆಯುವಷ್ಟು ದಿನ ಪೂಜೆ, ಪಾಪನಿವೇದನೆಗಳನ್ನು ನೋಡಿಕೊಳ್ಳುವ ವಾಡಿಕೆಯುಂಟು. ಹಾಗೆ ಒಂದು ಬೇಸಿಗೆಯಲ್ಲಿ ನಾನು ಗಾರ್ದಾ ಸರೋವರದ ದಡದ ಒಂದು ಹಳ್ಳಿಗೆ ಹೋದೆ. ಗಾರ್ದಾ ಇಟಲಿಯ ಅತಿ ದೊಡ್ಡ ಸರೋವರ. ಸುಮಾರು 370 ಚದರ ಕಿಲೋಮೀಟರ್ ವಿಸ್ತಾರ, ಆಳವಾದ ಕಡೆ 346 ಮೀಟರ್. ದಕ್ಷಿಣದಲ್ಲಿ ಅಗಲವಾಗಿ ಹರಡಿಕೊಂಡು, ಉತ್ತರಕ್ಕೆ ಹೋದಂತೆ ಎತ್ತರದ ಬೆಟ್ಟಗಳ ನಡುವೆ ಓಣಿಯಂತೆ ಕಿರಿದಾಗುತ್ತದೆ.

ಅಲ್ಲಿನ ಜನ ಗಾಳಿಯನ್ನು ಹೆಸರು ಹಿಡಿದು ಕರೆಯುತ್ತಾರೆ. ರಾತ್ರಿಯಿಂದ ಬೆಳಗಿನ ಹೊತ್ತಿನವರೆಗೆ ಉತ್ತರದಿಂದ ಇಳಿದು ಬರುವ ಗಾಳಿ 'ಪೆಲೇರ್'. ಬಿಸಿಲೇರಿ ಬೆಟ್ಟದ ಕಡೆಯ ಗಾಳಿ ಕಾದು ಮೇಲೇರಿದಾಗ, ಅದರ ಜಾಗ ತುಂಬಲು ದಕ್ಷಿಣದ ಬಯಲಿನಿಂದ ನುಗ್ಗುವ ಮಧ್ಯಾಹ್ನದ ಗಾಳಿ 'ಓರಾ'. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಕಡಲಗಾಳಿ ಬರುವ ಹಾಗೆಯೇ ಇದು. ಆದರೆ ಬೆಟ್ಟಗಳ ಓಣಿಯಲ್ಲಿ ಸಿಕ್ಕಿಕೊಳ್ಳುವುದರಿಂದ ಇದಕ್ಕೆ ರಭಸ ಹೆಚ್ಚು. ಈ ಗಾಳಿಗಳ ಮುಂದೆ ದೊಡ್ಡವರ ಆಟವೂ ನಡೆಯದು. 1786ರ ಸೆಪ್ಟೆಂಬರ್ 13ರಂದು ಜರ್ಮನ್ ಕವಿ ಗಯಟೆ ತೋರ್ಬೊಲೆಯಿಂದ ಬೆಳಗಿನ ಜಾವ ಮೂರಕ್ಕೇ ದೋಣಿ ಹತ್ತಿ ದಕ್ಷಿಣಕ್ಕೆ ಹೊರಟರು. ಮೊದಲು ಗಾಳಿ ಅನುಕೂಲವಾಗಿತ್ತು. ಆಮೇಲೆ ಅದು ತಿರುಗಿ ಎದುರಾಯಿತು. ಹುಟ್ಟು ಹಾಕಿ ಪ್ರಯೋಜನವಾಗದೆ, ಮನಸ್ಸಿನಲ್ಲೇ ಇರದಿದ್ದ ಮಾಲ್ಚೇಸಿನೆ ಎಂಬ ಊರಿನ ಬಂದರಿಗೆ ಅವರು ಸೇರಬೇಕಾಯಿತು. ಅಲ್ಲಿ ಕೋಟೆಯ ಚಿತ್ರ ಬರೆಯುತ್ತಿದ್ದಾಗ ಗೂಢಚಾರನೆಂಬ ಅನುಮಾನಕ್ಕೂ ಒಳಗಾದರು.

ನನ್ನ ಪೂಜೆಗೆ ದಿನವೂ ಬರುತ್ತಿದ್ದ ಒಬ್ಬ ಅಜ್ಜ ಇದ್ದರು, ನಿವೃತ್ತ ಬಡಗಿ. ತಾವೇ ದುರಸ್ತಿ ಮಾಡಿಕೊಂಡಿದ್ದ ಐದು ಮೀಟರ್ ಉದ್ದದ ಮರದ ಹಾಯಿದೋಣಿ ಅವರದ್ದು. ಯಂತ್ರವಿಲ್ಲ, ಗಾಳಿ, ಹಾಯಿ, ಚುಕ್ಕಾಣಿ, ಇಷ್ಟೇ. ಅಲ್ಲಿ ಗುರುಗಳನ್ನು 'ದೋನ್' ಎಂದು ಕರೆಯುತ್ತಾರೆ. "ಬನ್ನಿ ದೋನ್, ಸಂಜೆಯವರೆಗೆ ನಿಮಗೇನು ಕೆಲಸ?" ಎಂದು ಕರೆದು ನನಗೆ ದೋಣಿ ನಡೆಸುವುದನ್ನು ಕಲಿಸತೊಡಗಿದರು.

ಹೊರಡುವುದು ಸುಲಭ, ತಲುಪುವುದು ಕಷ್ಟ

ಒಂದು ವಾರದಲ್ಲಿ ನಡುನೀರಿನಲ್ಲಿ ದೋಣಿ ನಡೆಸುವುದು ನನಗೆ ಬಂತು. ಇನ್ನೇನಿದೆ ಕಲಿಯಲು ಎಂದುಕೊಂಡೆ. ಅಜ್ಜ ನಕ್ಕರು. ನೀರಿನ ಮಧ್ಯೆ ತಪ್ಪು ಮಾಡಿದರೆ ಕ್ಷಮೆಯುಂಟು, ಸುತ್ತ ಜಾಗವಿದೆ. ದಕ್ಕೆಯ ಬಳಿ ತಪ್ಪು ಮಾಡಿದರೆ ಕಲ್ಲು ಕ್ಷಮಿಸುವುದಿಲ್ಲ ಎಂದರು.

ಹಾಯಿದೋಣಿಗೆ ಬ್ರೇಕ್ ಇಲ್ಲ, ಓದುಗರೇ. ಇದನ್ನು ಸ್ವಲ್ಪ ಯೋಚಿಸಿ ನೋಡಿ. ನಿಲ್ಲಬೇಕಾದ ಜಾಗ ತಲುಪಿದ ಮೇಲೆ ನಿಲ್ಲಿಸಲು ಏನೂ ಇಲ್ಲ. ಆದ್ದರಿಂದ ನಿಲ್ಲುವ ಕೆಲಸವನ್ನು ಬಹಳ ಮೊದಲೇ ಆರಂಭಿಸಬೇಕು. ಅದಕ್ಕಿರುವ ದಾರಿ ಒಂದೇ: ಗಾಳಿ ಬರುವ ದಿಕ್ಕಿಗೆ ದೋಣಿಯ ಮುಖ ತಿರುಗಿಸಿ ಹಾಯಿಯ ಹಗ್ಗವನ್ನು ಸಡಿಲ ಬಿಡುವುದು. ಆಗ ಹಾಯಿ ಪಟಪಟನೆ ಬಡಿಯುತ್ತದೆಯೇ ಹೊರತು ದೋಣಿಯನ್ನು ತಳ್ಳುವುದಿಲ್ಲ. ಮೊದಲಿದ್ದ ಓಟದಲ್ಲೇ ದೋಣಿ ತುಸು ಸಾಗಿ, ತಾನಾಗಿ ನಿಧಾನವಾಗಿ, ದಕ್ಕೆಯ ಪಕ್ಕಕ್ಕೆ ಬಂದು ನಿಲ್ಲಬೇಕು. ಗಾಳಿಗೆ ಬೆನ್ನು ಕೊಟ್ಟು, ದೊಡ್ಡ ಹಾಯಿ ಬಿಚ್ಚಿಕೊಂಡು ದಕ್ಕೆಗೆ ಬರಬಾರದು; ಆಗ ಎಷ್ಟು ಹಗ್ಗ ಬಿಟ್ಟರೂ ಹಾಯಿಯಲ್ಲಿನ ಗಾಳಿ ಖಾಲಿಯಾಗುವುದಿಲ್ಲ. ಆ ಕಡೆಯಿಂದಲೇ ಬರಬೇಕಾದರೆ ದೂರದಲ್ಲೇ ತಿರುಗಿ, ದೊಡ್ಡ ಹಾಯಿ ಇಳಿಸಿ, ಆಮೇಲೆ ಬರಬೇಕು.

ಹಾಗೆಂದು ತೀರಾ ನಿಧಾನವೂ ಸಲ್ಲದು. ಚುಕ್ಕಾಣಿಯ ಪಕ್ಕದಲ್ಲಿ ನೀರು ಹರಿಯುತ್ತಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ದೋಣಿ ದಕ್ಕೆಗೆ ಮೊದಲೇ ನಿಂತುಹೋದರೆ ಚುಕ್ಕಾಣಿ ಬರಿಯ ಹಲಗೆ. ಗಾಳಿ ತನಗೆ ಬೇಕಾದ ಕಡೆ ಎಳೆದೊಯ್ಯುತ್ತದೆ. ಹಾಗಾಗಿ ಎರಡು ಅಪಾಯಗಳ ನಡುವಿನ ಒಂದು ವೇಗ ಬೇಕು. ಅದು ಇಂತಿಷ್ಟೇ ಎಂದು ಹೇಳಲಾಗದು. ಭಾರದ ದೋಣಿ ಹೆಚ್ಚು ದೂರ ಸಾಗುತ್ತದೆ, ಹಗುರವಾದದ್ದು ಬೇಗ ನಿಲ್ಲುತ್ತದೆ. ಗಾಳಿ ಜೋರಿದ್ದರೆ ಒಂದು ಬಗೆ, ಇಲ್ಲದಿದ್ದರೆ ಇನ್ನೊಂದು.

ಅಜ್ಜ ಮತ್ತೆ ಮತ್ತೆ ಹೇಳುತ್ತಿದ್ದ ಇನ್ನೆರಡು ಮಾತುಗಳಿದ್ದವು. ಒಂದು: ದೋಣಿಗೂ ದಕ್ಕೆಗೂ ನಡುವೆ ಕೈಯನ್ನಾಗಲಿ ಕಾಲನ್ನಾಗಲಿ ಎಂದಿಗೂ ಇಡಬೇಡಿ, ಹಲಗೆ ಹೋದರೆ ಬೇರೆ ಹಾಕಬಹುದು, ಬೆರಳು ಹೋದರೆ ಬಾರದು. ಎರಡು: ದಕ್ಕೆಯತ್ತ ಬರುವಾಗಲೇ ಹೊರಗೆ ಹೋಗುವ ದಾರಿಯನ್ನೂ ನೋಡಿಟ್ಟುಕೊಳ್ಳಿ. ವೇಗ ಸರಿಯಿಲ್ಲವೆಂದು ಕಂಡರೆ ವಾದ ಮಾಡಬೇಡಿ, ತಿರುಗಿಸಿ. ಮತ್ತೊಂದು ಸುತ್ತು ಹಾಕಿ ಬನ್ನಿ.

ಮುರಿದ ಹಲಗೆ

ಮೂರನೆಯ ವಾರದ ಒಂದು ಮಧ್ಯಾಹ್ನ. ಓರಾ ಜೋರಾಗಿತ್ತು. ಚುಕ್ಕಾಣಿ ನನ್ನ ಕೈಯಲ್ಲಿತ್ತು. ನಾವು ದಕ್ಷಿಣದಿಂದ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಬರುತ್ತಿದ್ದೆವು. ದಕ್ಕೆಯನ್ನು ದಾಟಿ ಆಚೆ ಬದಿಗೆ ಹೋಗಿ, ಅಲ್ಲಿಂದ ಗಾಳಿಗೆ ಮುಖವಾಗಿ ತಿರುಗಿ ಬರಬೇಕೆಂದು ಅಜ್ಜ ಮೊದಲೇ ಹೇಳಿದ್ದರು. ಆದರೆ ದಕ್ಕೆಯ ಮೇಲಿನ ಕಾಫಿ ಅಂಗಡಿಯಲ್ಲಿ ಪೂಜೆಗೆ ಬರುವ ನಾಲ್ಕೈದು ಜನ ಕುಳಿತು ನಮ್ಮನ್ನೇ ನೋಡುತ್ತಿದ್ದರು. ಭಾರತದ ಗುರುಗಳು ಎಷ್ಟು ಬೇಗ ಕಲಿತುಬಿಟ್ಟರು ಎಂದು ಅವರಿಗೆ ಅನಿಸಲಿ ಎಂಬ ಆಸೆ ನನ್ನಲ್ಲಿ ಇರಲಿಲ್ಲವೆಂದರೆ ಅದು ಸುಳ್ಳಾಗುತ್ತದೆ. ದಕ್ಕೆ ಕಣ್ಣಮುಂದೆಯೇ ಇದೆ, ನೇರವಾಗಿ ಹೋದರಾಯಿತು ಎಂದುಕೊಂಡೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಗಾಳಿ ಬೆನ್ನಿಗಿದ್ದಾಗ ಗಾಳಿಯೇ ಇಲ್ಲವೆನಿಸುತ್ತದೆ. ನೀವೂ ಅದರ ಜೊತೆಗೇ ಓಡುತ್ತಿರುವುದರಿಂದ ಮುಖಕ್ಕೆ ಬಡಿಯುವುದಿಲ್ಲ, ಕೂದಲು ಹಾರುವುದಿಲ್ಲ, ಎಲ್ಲವೂ ಹಿತವಾಗಿ, ಶಾಂತವಾಗಿ ತೋರುತ್ತದೆ. ನಿಮ್ಮ ರಭಸ ಎಷ್ಟೆಂದು ಕಾಣುವುದು ದಕ್ಕೆಯ ಮೇಲೆ ನಿಂತವರಿಗೆ.

"ಮತ್ತೊಂದು ಸುತ್ತು, ದೋನ್," ಎಂದರು ಅಜ್ಜ, ದನಿಯೇರಿಸದೆ. ನಾನು ಕೇಳಿಸದವನಂತೆ ಇದ್ದೆ. "ಸುತ್ತು ಹಾಕಿ," ಎಂದು ಎರಡನೆಯ ಸಲ ಹೇಳುವಾಗ ಹೊತ್ತು ಮೀರಿತ್ತು. ಪೂಜೆಗೆ ಸಹಾಯ ಮಾಡುವ ಹತ್ತು ವರ್ಷದ ಹುಡುಗನೊಬ್ಬ, ನನಗೆ ನೆರವಾಗಲೆಂದು ಓಡಿಬಂದು ದಕ್ಕೆಯ ಅಂಚಿನಲ್ಲಿ ಮಂಡಿಯೂರಿ ಎರಡೂ ಕೈ ಚಾಚಿದ. ಅಜ್ಜ ಕಿರುಚಿದ ಕಿರುಚು ಈಗಲೂ ನನ್ನ ಕಿವಿಯಲ್ಲಿದೆ. ಹುಡುಗ ಬೆದರಿ ಕೈ ಹಿಂದಕ್ಕೆ ಎಳೆದುಕೊಂಡ. ಮರುಕ್ಷಣವೇ ದೋಣಿಯ ಮೂತಿ, ಆ ಕೈಗಳಿದ್ದ ಜಾಗದಲ್ಲಿ ಕಲ್ಲಿಗೆ ಬಡಿದು ಹಲಗೆ ಸೀಳಿತು.

ಅಜ್ಜ ಆ ದಿನ ನನಗೆ ಒಂದು ಮಾತೂ ಅನ್ನಲಿಲ್ಲ. ಹುಡುಗನ ತಲೆ ಸವರಿ ಮನೆಗೆ ಕಳುಹಿಸಿದರು. ಮರುದಿನ ಅವರ ಪಡಸಾಲೆಯಲ್ಲಿ ಹೊಸ ಹಲಗೆ ಉಜ್ಜುತ್ತಿದ್ದಾಗ ನಾನು ಹೋಗಿ ಕ್ಷಮೆ ಕೇಳಿದೆ. ಉಜ್ಜುವುದನ್ನು ನಿಲ್ಲಿಸದೆಯೇ ಹೇಳಿದರು: "ದಕ್ಕೆ ಎಲ್ಲಿಗೂ ಓಡಿಹೋಗುವುದಿಲ್ಲ, ದೋನ್."

ಗುರಿ ಸರಿಯಿದ್ದರೆ ಸಾಲದೇ?

ನಾನು ಹೋಗಬೇಕಾಗಿದ್ದುದು ಆ ದಕ್ಕೆಗೇ. ಗುರಿಯಲ್ಲಿ ತಪ್ಪಿರಲಿಲ್ಲ. ಯಾರಿಗೂ ಕೇಡು ಬಯಸಿರಲಿಲ್ಲ. ಆದರೂ ಒಂದು ಮಗುವಿನ ಕೈ ಜಜ್ಜಿಹೋಗುವುದರಲ್ಲಿತ್ತು. ನೈತಿಕ ದೈವಶಾಸ್ತ್ರದಲ್ಲಿ ನಮಗೆ ಕಲಿಸುತ್ತಾರೆ: ಒಂದು ಕಾರ್ಯವನ್ನು ತೂಗಿ ನೋಡುವಾಗ ಮಾಡಿದ್ದು ಏನು, ಯಾವ ಉದ್ದೇಶದಿಂದ, ಯಾವ ಸಂದರ್ಭದಲ್ಲಿ, ಹೀಗೆ ಮೂರನ್ನೂ ನೋಡಬೇಕು. ಸಂದರ್ಭವೆಂದರೆ ಎಲ್ಲಿ, ಯಾವಾಗ, ಯಾರ ಎದುರಿಗೆ, ಹೇಗೆ ಎಂಬುದು. ನಾವು ಮೊದಲಿನ ಎರಡನ್ನು ನೋಡಿ ತೃಪ್ತರಾಗುತ್ತೇವೆ. ಮೂರನೆಯದನ್ನು ಚಿಲ್ಲರೆ ಎಂದು ಬಿಡುತ್ತೇವೆ. ಸಂತ ಥಾಮಸ್ ಅಕ್ವಿನಾಸರು ಹಾಗೆ ಬಿಡುವುದಿಲ್ಲ. ಒಳ್ಳೆಯ ಕೆಲಸ ಒಳ್ಳೆಯದಾಗಲು ಎಲ್ಲವೂ ಸರಿಯಿರಬೇಕು, ಕೆಡಲು ಒಂದು ಕೊರತೆ ಸಾಕು ಎಂಬುದು ಅವರ ನಿಲುವು. ಅವರಿಗೂ ಬಹಳ ಹಿಂದೆ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಎರಡನೆಯ ಭಾಗದಲ್ಲಿ, ಬದುಕಿನ ನಡತೆಯನ್ನು ವೈದ್ಯಕ್ಕೂ ಹಡಗು ನಡೆಸುವುದಕ್ಕೂ ಹೋಲಿಸಿದ್ದಾನೆ. ಇಲ್ಲೆಲ್ಲ ಕಾಯಂ ಸೂತ್ರ ಸಾಲದು, ಆ ಹೊತ್ತಿಗೆ ಯಾವುದು ತಕ್ಕುದೆಂದು ಮಾಡುವವನೇ ನೋಡಿಕೊಳ್ಳಬೇಕು ಎನ್ನುತ್ತಾನೆ. ಈ ಹೋಲಿಕೆಯನ್ನು ಓದಿದಾಗ ನನಗೆ ಅದೊಂದು ಅಲಂಕಾರವೆನಿಸಿತ್ತು. ಗಾರ್ದಾದಲ್ಲಿ ಅದು ಅಕ್ಷರಶಃ ಸತ್ಯವೆಂದು ಗೊತ್ತಾಯಿತು.

ನಮ್ಮ ಸಂಸಾರಗಳಲ್ಲಿ 'ನಾನು ಹೇಳುವುದು ಸರಿ' ಎಂಬ ಭಾವನೆಯೇ ಬೆನ್ನಿನ ಗಾಳಿ. ತಪ್ಪು ಮಾಡುತ್ತಿದ್ದೇನೆಂದು ಗೊತ್ತಿದ್ದವನು ಅಳುಕುತ್ತಾನೆ, ನಿಧಾನಿಸುತ್ತಾನೆ. ಸರಿಯಿದ್ದೇನೆಂದು ಗೊತ್ತಿದ್ದವನಿಗೆ ತಡೆಯೇ ಇಲ್ಲ. ತನ್ನ ದನಿ ಎಷ್ಟು ಏರಿದೆ, ತನ್ನ ಮಾತು ಎಷ್ಟು ಹರಿತವಾಗಿದೆ ಎಂಬುದು ಅವನಿಗೆ ತಿಳಿಯುವುದಿಲ್ಲ. ಎಲ್ಲವೂ ಶಾಂತವಾಗಿಯೇ ಇದೆ ಎನಿಸುತ್ತದೆ. ಅದು ಕಾಣುವುದು ಎದುರಿಗೆ ನಿಂತ ಹೆಂಡತಿಗೆ, ಮಗನಿಗೆ. ಹೆಚ್ಚಾಗಿ, ಇಬ್ಬರ ನಡುವೆ ಕೈ ಚಾಚಿ ಬಂದ ಮಗುವಿಗೆ.

ಸರೋವರದಲ್ಲಿ ಕಲಿತದ್ದು ನಾಲಗೆಗೆ ತಾನಾಗಿ ಬರುವುದಿಲ್ಲ. ಊರಿಗೆ ಮರಳಿದ ಕೆಲವು ವರ್ಷಗಳ ಮೇಲೆ ನಾನು ಇನ್ನೊಂದು ಹಲಗೆ ಮುರಿದೆ. ಇಬ್ಬರು ಅಣ್ಣತಮ್ಮಂದಿರ ನಡುವೆ ಆಸ್ತಿಯ ಜಗಳ. ಕಾಗದ ಪತ್ರಗಳನ್ನು ನಾನೇ ನೋಡಿದ್ದೆ. ನ್ಯಾಯ ತಮ್ಮನ ಕಡೆಗಿತ್ತು. ತಾಯಿ ತೀರಿಕೊಂಡ ಏಳನೆಯ ದಿನದ ಊಟಕ್ಕೆ ನೆಂಟರೆಲ್ಲ ಸೇರಿದ್ದರು. ಇಬ್ಬರೂ ಎದುರಿಗಿದ್ದಾರೆ, ಇಂಥ ಅವಕಾಶ ಮತ್ತೆ ಸಿಗದು ಎಂದುಕೊಂಡು ಅಲ್ಲೇ ಅಣ್ಣನಿಗೆ ಹೇಳಿದೆ: "ನೀವು ಮಾಡಿದ್ದು ಅನ್ಯಾಯ." ಒಂದು ಮಾತೂ ಸುಳ್ಳಲ್ಲ. ಅವರು ಊಟದ ಎಲೆಯ ಮುಂದಿನಿಂದ ಎದ್ದರು, ಕೈ ತೊಳೆಯದೆ ಹೊರಟುಹೋದರು. ಅಂದಿನಿಂದ ತಮ್ಮನ ಮನೆಗೂ ಬರಲಿಲ್ಲ, ದೇವಾಲಯಕ್ಕೂ ಬರಲಿಲ್ಲ. ನೆಂಟರ ಎದುರಿಗೆ ಹೇಳದೆ, ಅವರ ಮನೆಯ ಜಗಲಿಯಲ್ಲಿ ಒಬ್ಬರೇ ಇದ್ದಾಗ, ತಾಯಿಯ ದುಃಖ ತುಸು ಆರಿದ ಮೇಲೆ ಹೇಳಿದ್ದರೆ? ಕೇಳುತ್ತಿದ್ದರೋ ಇಲ್ಲವೋ, ಯಾರು ಬಲ್ಲರು? ಆದರೆ ನಾನು ಸುತ್ತು ಹಾಕಲಿಲ್ಲ ಎಂಬುದು ಮಾತ್ರ ಖಚಿತ.

ಸುತ್ತು ಹಾಕುವುದು ಹೇಡಿತನವೇ?

"ಹಾಗಾದರೆ ತಪ್ಪು ಕಂಡರೂ ಬಾಯಿ ಮುಚ್ಚಿಕೊಂಡಿರಬೇಕೇ, ಫಾದರ್?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸುತ್ತು ಹಾಕುವುದಕ್ಕೂ ಓಡಿಹೋಗುವುದಕ್ಕೂ ವ್ಯತ್ಯಾಸವಿದೆ. ಸುತ್ತು ಹಾಕುವವನ ಕಣ್ಣು ದಕ್ಕೆಯ ಮೇಲೆಯೇ ಇರುತ್ತದೆ. ಈ ಸಲ ವೇಗ ಹೆಚ್ಚಾಯಿತು, ಮುಂದಿನ ಸಲ ಎಲ್ಲಿ ತಿರುಗಬೇಕು, ಎಲ್ಲಿ ಹಗ್ಗ ಬಿಡಬೇಕು ಎಂದು ಅವನು ಲೆಕ್ಕ ಹಾಕುತ್ತಿರುತ್ತಾನೆ. ಓಡಿಹೋಗುವವನು 'ಸಮಯ ಬರಲಿ' ಎನ್ನುತ್ತಾ ವರ್ಷಗಳನ್ನು ಕಳೆಯುತ್ತಾನೆ. ಚುಕ್ಕಾಣಿಗೆ ನೀರಿಲ್ಲದೆ ಗಾಳಿ ಒಯ್ದ ಕಡೆ ಹೋಗುತ್ತಾನೆ. ನಿಮ್ಮನ್ನೇ ಕೇಳಿಕೊಳ್ಳಿ: ನಾನು ಮಾತನ್ನು ಮುಂದೂಡಿದ್ದು ಯಾವ ದಿನಕ್ಕೆ? ದಿನವಿದ್ದರೆ ಅದು ಸುತ್ತು. ಇಲ್ಲದಿದ್ದರೆ ಪಲಾಯನ.

ಅಕ್ವಿನಾಸರು ಈ ವಿಷಯದಲ್ಲಿ ಬಹಳ ಸೂಕ್ಷ್ಮವಾಗಿ ಯೋಚಿಸಿದ್ದಾರೆ. ಸೋದರನನ್ನು ತಿದ್ದುವುದು ಪ್ರೀತಿಯ ಕಾರ್ಯ, ಕರ್ತವ್ಯವೂ ಹೌದು ಎನ್ನುತ್ತಾರೆ. ಆದರೆ ಆ ತಿದ್ದುವಿಕೆಯ ಗುರಿ ಅವನ ಒಳಿತು. ಹೇಳಿದರೆ ಅವನು ಇನ್ನಷ್ಟು ಕೆಡುವನೆಂದು ಸ್ಪಷ್ಟವಾಗಿ ಕಂಡರೆ ಆಗ ತಡೆಯಬೇಕು. ಇದರೊಂದಿಗೆ ಅವರು ಇನ್ನೊಂದನ್ನು ಬೇರೆಯಾಗಿ ಇಡುತ್ತಾರೆ. ಎಲ್ಲರ ಹಿತ ಕಾಯುವ ಹೊಣೆ ಹೊತ್ತವರು, ತಪ್ಪಿತಸ್ಥ ಕೆರಳಬಹುದೆಂಬ ಭಯದಿಂದ ನ್ಯಾಯವನ್ನು ಬಿಟ್ಟುಕೊಡಬಾರದು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕುಡಿದು ಬಂದು ಹೊಡೆಯುವ ಗಂಡನಿರುವ ಮನೆಯಲ್ಲಿ ಹೆಂಡತಿಗೆ 'ಸ್ವಲ್ಪ ತಾಳಿಕೋ, ಸಮಯ ನೋಡಿ ಹೇಳು' ಎಂದು ಉಪದೇಶ ಮಾಡುವವರು ನಮ್ಮಲ್ಲಿದ್ದಾರೆ. ನನ್ನ ಲೇಖನವನ್ನು ಅದಕ್ಕೆ ಬಳಸಬೇಡಿ. ಮಗುವಿಗೆ ಅಪಾಯವಿರುವಾಗ, ಹೆಣ್ಣಿನ ಮೇಲೆ ಕೈ ಏಳುವಾಗ ಸುತ್ತು ಹಾಕುವ ಮಾತಿಲ್ಲ. ಅಜ್ಜನೂ ಅಂದು ಹುಡುಗನ ಕೈ ಕಂಡಾಗ ಮೆಲ್ಲಗೆ ಹೇಳಲಿಲ್ಲ. ಗಂಟಲು ಹರಿಯುವಂತೆ ಕಿರುಚಿದರು. ತಾಳ್ಮೆಯ ಮನುಷ್ಯನ ಆ ಕಿರುಚೂ ಸಂದರ್ಭಕ್ಕೆ ತಕ್ಕುದಾಗಿತ್ತು.

ಹಗ್ಗ ಕಟ್ಟುವ ಬಗೆ

ತಲುಪಿದ ಮೇಲೂ ಕೆಲಸ ಮುಗಿಯುವುದಿಲ್ಲ. ಗಾಳಿ ಜಗ್ಗುವ ದೋಣಿಯನ್ನು ಬರಿಗೈಯಲ್ಲಿ ಹಿಡಿದು ನಿಲ್ಲಲು ಹೋದರೆ ಅಂಗೈ ಸುಲಿಯುತ್ತದೆ. ಹಗ್ಗವನ್ನು ದಕ್ಕೆಯ ಗೂಟಕ್ಕೆ ಒಂದೆರಡು ಸುತ್ತು ಹಾಕಿಬಿಟ್ಟರೆ ಸಾಕು. ಭಾರವನ್ನು ಗೂಟ ಹೊರುತ್ತದೆ, ಒಂದು ಮಗುವೂ ತುದಿ ಹಿಡಿದು ನಿಲ್ಲಬಹುದು. ಮುಂದಕ್ಕೊಂದು, ಹಿಂದಕ್ಕೊಂದು ಹಗ್ಗ. ಹಿಂದೆಮುಂದೆ ಜಾರದಂತೆ ಓರೆಯಾಗಿ ಇನ್ನೆರಡು. ಯಾವುದನ್ನೂ ಬಿಗಿಯಾಗಿ ಎಳೆದು ಕಟ್ಟಬಾರದು. ಅಲೆ ಎದ್ದಾಗ ದೋಣಿಯೂ ಏಳಬೇಕು. ಬಿಗಿಹಗ್ಗ ಆಗ ತುಂಡಾಗುತ್ತದೆ, ಇಲ್ಲವೇ ಕಟ್ಟಿದ ಕೊಂಡಿಯನ್ನೇ ಕಿತ್ತುಕೊಂಡು ಬರುತ್ತದೆ. ಮುನಿಸು ಮುಗಿದು ಮನೆಗೆ ಮರಳಿದವರನ್ನು 'ಇನ್ನು ಮೇಲೆ ಎಲ್ಲಿಗೆ ಹೋದೆ, ಯಾರ ಜೊತೆ ಹೋದೆ' ಎಂದು ದಿನವೂ ಬಿಗಿಯುವ ತಂದೆತಾಯಿ ಇದನ್ನು ನೆನಪಿಡಬೇಕು.

ದಕ್ಕೆಯ ಮೇಲೆ ನಿಂತವರಿಗೂ ಒಂದು ಮಾತು. ಬರುತ್ತಿರುವವನು ಹೇಗೆ ಬಂದು ಬಡಿಯುತ್ತಾನೋ ನೋಡೋಣ ಎಂದು ಕಾಫಿ ಕುಡಿಯುತ್ತಾ ಕುಳಿತಿರಬೇಡಿ. ಅವಸರದಿಂದ ಕೈಯನ್ನೂ ಚಾಚಬೇಡಿ. ಅವನು ಎಸೆಯುವ ಹಗ್ಗವನ್ನು ಹಿಡಿಯಲು ಸಿದ್ಧವಾಗಿರಿ. ತಪ್ಪು ಮಾಡಿದ ಮಗ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಊಟ ಆಯಿತೇನಮ್ಮಾ?" ಎಂದು ಕೇಳಿದರೆ ಅದೇ ಅವನು ಎಸೆದ ಹಗ್ಗ. ಅದನ್ನು ನೀರಿಗೆ ಬೀಳಲು ಬಿಡಬೇಡಿ.

ಗಾಳಿಯ ಸರೋವರವೆಂದರೆ ನಮಗೆ ಮೊದಲು ನೆನಪಾಗುವುದು ಗಲಿಲೇಯ. ಅಲ್ಲಿನ ದೋಣಿಗಳೂ ಸಣ್ಣವೇ. 1986ರಲ್ಲಿ ಬರಗಾಲದಿಂದ ನೀರು ಇಳಿದಾಗ, ಗೆನೆಸರೇತ್ ಬಯಲಿನ ದಡದಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ ದೋಣಿಯೊಂದು ಕೆಸರಿನಲ್ಲಿ ಸಿಕ್ಕಿತು. ಉದ್ದ ಎಂಟು ಮೀಟರಿಗಿಂತ ತುಸು ಹೆಚ್ಚು, ಅಗಲ ಎರಡು ಮೀಟರ್ ಚಿಲ್ಲರೆ. ಸಂತ ಮಾರ್ಕನ ಶುಭಸಂದೇಶದ 6ನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಪ್ರಭು ಶಿಷ್ಯರನ್ನು ಕಳುಹಿಸಿದ್ದು ಬೆತ್ಸಾಯಿದದ ಕಡೆಗೆ. ರಾತ್ರಿಯಿಡೀ ಎದುರುಗಾಳಿ. ಪ್ರಭುವೇ ದೋಣಿ ಹತ್ತಿ ಗಾಳಿ ಅಡಗಿದ ಮೇಲೆ ಅವರು ದೋಣಿ ಕಟ್ಟಿದ್ದು ಗೆನೆಸರೇತಿನಲ್ಲಿ. ಹೊರಟದ್ದೊಂದು ಕಡೆ, ತಲುಪಿದ್ದು ಇನ್ನೊಂದು ಕಡೆ. ಯಾಕೆ ಹೀಗಾಯಿತೆಂದು ಅಲ್ಲಿ ಯಾರೂ ಯಾರನ್ನೂ ಬೈದುದಾಗಿ ಬರೆದಿಲ್ಲ. ದೋಣಿ ಕಟ್ಟಿದರು, ಇಳಿದರು. ಆ ದಡದಲ್ಲಿಯೂ ಕಾಯಿಲೆಯವರು ಕಾಯುತ್ತಿದ್ದರು.

ಆ ಅಣ್ಣನ ಮನೆಗೆ ನಾನು ಈವರೆಗೆ ಮೂರು ಸಲ ಹೋಗಿದ್ದೇನೆ. ಮೊದಲ ಸಲ ಬಾಗಿಲು ತೆರೆಯಲಿಲ್ಲ. ಎರಡನೆಯ ಸಲ ಅಂಗಳದಲ್ಲಿ ನಿಂತೇ ಮಾತಾಡಿದೆವು, ಮಳೆ ಬೆಳೆಯ ವಿಷಯ. ಮೂರನೆಯ ಸಲ ಕಾಫಿ ಕೊಟ್ಟರು. ನೆಂಟರ ಎದುರಿಗೆ ಹಾಗೆ ಹೇಳಬಾರದಿತ್ತು ಎಂದು ಕ್ಷಮೆ ಕೇಳಿದೆ. ಅವರು ಲೋಟವನ್ನೇ ನೋಡುತ್ತಾ ಕುಳಿತಿದ್ದರು, ಉತ್ತರ ಕೊಡಲಿಲ್ಲ. ಆಸ್ತಿಯ ಮಾತು ನಾನೂ ಎತ್ತಲಿಲ್ಲ. ಎತ್ತಲೇಬೇಕು, ತಮ್ಮನಿಗೆ ಸಲ್ಲಬೇಕಾದದ್ದು ಸಲ್ಲಲೇಬೇಕು. ಹಬ್ಬ ಕಳೆದ ಮೇಲಿನ ಸೋಮವಾರ ಮತ್ತೆ ಹೋಗುವವನಿದ್ದೇನೆ.

ನಿಮ್ಮ ಮನೆಯಲ್ಲಿಯೂ ಹೇಳಲೇಬೇಕಾದ ಒಂದು ಸತ್ಯ ಈ ವಾರ ಕಾಯುತ್ತಿರಬಹುದು. ಹೇಳಿ, ಬಿಡಬೇಡಿ. ಆದರೆ ಅದಕ್ಕೂ ಮೊದಲು ಗಾಳಿ ಎಲ್ಲಿಂದ ಬೀಸುತ್ತಿದೆ ಎಂದು ಒಮ್ಮೆ ನೋಡಿ, ನಡುವೆ ಯಾರ ಕೈ ಇದೆ ಎಂದು ನೋಡಿ. ವೇಗ ಹೆಚ್ಚಾಯಿತೆಂದು ಕಂಡರೆ ನೋಡುವವರು ನಕ್ಕರೂ ಚಿಂತೆಯಿಲ್ಲ, ತಿರುಗಿಸಿಬಿಡಿ.